ಗಿಣಿಯವ್ವನಿಗೆ ಮೊದಲ ಸೊಪ್ಪು ಇಟ್ಟವಳು

ರಾಗಿ ತೆನೆ ಬಗ್ಗುವ ಹೊತ್ತಿಗೆ ನಮ್ಮೂರಿನ ಅರ್ಧ ಮಕ್ಕಳ ಗಂಟಲು ಒಡೆದುಹೋಗಿರುತ್ತಿದ್ದ ಕಾಲ ಅದು. ಮಳೆ ನಿಂತು ಬಿಸಿಲು ಹದಕ್ಕೆ ಬಂದ ಮೇಲೆ ನಮ್ಮೂರು ತಿಗನಾರೆಯಲ್ಲಿ ಶಾಲೆ ಬಿಟ್ಟ ಕೂಡಲೇ ನಾವು ಯಾರೂ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಚೀಲವನ್ನು ಜಗುಲಿಗೆ ಎಸೆದು, ಅವ್ವ ಕೈಗಿಟ್ಟ ಮುದ್ದೆ ತುಣುಕನ್ನು ಉಪ್ಸಾರಿನ ಖಾರಕ್ಕೆ ಒತ್ತಿಕೊಂಡು, ತಿನ್ನುತ್ತ ತಿನ್ನುತ್ತಲೇ ಹೊಲಕ್ಕೆ ಓಡುತ್ತಿದ್ದೆವು. ಕತ್ತಲಾದ ಮೇಲೆ ಬರುವ ಆನೆ, ಹಂದಿಗಳನ್ನು ಕಾಯುವುದು ದೊಡ್ಡವರ ಪಾಲು. ಹಗಲಲ್ಲಿ ಬರುವ ಗಿಣಿ, ನವಿಲುಗಳನ್ನು ಓಡಿಸುವುದು ನಮ್ಮ ಪಾಲು. ಅದಕ್ಕೆ ನಮ್ಮ ಬಳಿ ಇದ್ದದ್ದು ಒಂದು ತಗಡಿನ ಡಬ್ಬ, ಒಂದು ಕೋಲು, ಉಳಿದಂತೆ ಶಿವ ಕೊಟ್ಟ ಗಂಟಲು. ಸಂಜೆ ಊಟಕ್ಕೆ ಕೂತರೆ "ಇನ್ನೊಸಿ ಸಾರು" ಎಂದು ಕೇಳಲೂ ದನಿ ಹೊರಡುತ್ತಿರಲಿಲ್ಲ.

ನಾನೀಗ ಹದಿಹರೆಯದ ಮಕ್ಕಳಿಗಾಗಿ ಮಾಯಾಲೋಕದ ಕಾದಂಬರಿಗಳನ್ನು ಬರೆಯುತ್ತೇನೆ. ಮೈಸೂರಿನ ಬಾಡಿಗೆ ಮನೆಯಲ್ಲಿ, ಹಾಲಿನ ಪ್ಯಾಕೆಟ್ಟು ಬಾಗಿಲಿಗೆ ಬೀಳುವ ಹೊತ್ತಿಗೆ ಎದ್ದು, ಊಟದ ಮೇಜಿನ ಮೇಲೇ ರಾಜ್ಯಗಳನ್ನು ಕಟ್ಟಿ ಕೆಡವುತ್ತೇನೆ. ಶಾಲೆಗಳಿಗೆ ಕರೆದಾಗ ಯಾವುದಾದರೂ ಒಂದು ಮಗು ಎದ್ದು ಕೇಳೇ ಕೇಳುತ್ತದೆ: "ಇದೆಲ್ಲ ನಿಮಗೆ ಎಲ್ಲಿಂದ ಹೊಳೆಯುತ್ತೆ ಮಿಸ್?" ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿದೆ. ದಿಂಬಂ ಘಾಟಿಯ ತಿರುವಿನಲ್ಲಿ ಬಸ್ಸು ಏದುಸಿರು ಬಿಡುವುದನ್ನು ಕೇಳಿ ಒಂದು ಮುದಿ ಮೃಗ ಹುಟ್ಟಿತು, ಪಕ್ಕದ ಮನೆಯ ಹೆಂಗಸು ಗಿಡಗಳ ಜೊತೆ ಜಗಳವಾಡುವುದನ್ನು ನೋಡಿ ಒಬ್ಬ ಮಾಟಗಾತಿ ಸಿಕ್ಕಳು ಎಂದೆಲ್ಲ ಹೇಳುತ್ತೇನೆ. ಮಕ್ಕಳು ನಗುತ್ತಾರೆ, ಟೀಚರುಗಳು ಚಪ್ಪಾಳೆ ತಟ್ಟುತ್ತಾರೆ. ಅದು ಸುಳ್ಳಲ್ಲ. ಆದರೆ ನಿಜವಾದ ಉತ್ತರ ಚಿಕ್ಕತಾಯಿ. ಆ ಹೆಸರನ್ನು ಇಷ್ಟು ವರ್ಷ ನಾನು ಯಾವ ವೇದಿಕೆಯ ಮೇಲೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದೇ ಈ ಬರಹ.

ಚಿಕ್ಕತಾಯಿ ನನ್ನ ಓರಗೆಯವಳು, ಒಂದೇ ಕ್ಲಾಸಿನವಳು. ಅವಳ ತಾಯಿ ರಾಚಮ್ಮ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದರು. ಊರಿನ ಲೆಕ್ಕದಲ್ಲಿ ಅವಳ ಮನೆ ಕೆಳಗಿನ ಬೀದಿ, ನನ್ನದು ಮೇಲಿನ ಬೀದಿ. ಅವಳು ನಮ್ಮ ಜಗುಲಿಯವರೆಗೆ ಬರಬಹುದಿತ್ತು, ಹೊಸ್ತಿಲು ದಾಟುವಂತಿರಲಿಲ್ಲ. ಹೊಲಕ್ಕೆ ಮಾತ್ರ ಹೊಸ್ತಿಲಿಲ್ಲವಲ್ಲ, ಅಲ್ಲಿ ನಾವಿಬ್ಬರೂ ಒಂದೇ ಬದುವಿನ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದೆವು. ಎಳೆ ರಾಗಿ ತೆನೆಯನ್ನು ಕೆಂಡಕ್ಕೆ ಹಿಡಿದು, ಅಂಗೈಲಿ ಉಜ್ಜಿ, ಹೊಟ್ಟು ಊದಿ, ಬೆಲ್ಲದ ಚೂರಿನೊಂದಿಗೆ ಬಾಯಿಗೆ ಹಾಕಿಕೊಂಡರೆ ಹಾಲಿನಂಥ ರಸ. ಆ ಹೊಗೆಯ ವಾಸನೆ ನನ್ನ ಲಂಗದಲ್ಲಿ ಮೂರು ದಿನ ಇರುತ್ತಿತ್ತು.

ಅವಳು ಗಿಣಿಗಳನ್ನು ಓಡಿಸುತ್ತಲೇ ಅವುಗಳ ಸಂಸಾರದ ಕಥೆ ಹೇಳುತ್ತಿದ್ದಳು. "ಅದೋ ಆ ಕೆಂಪು ಕತ್ತಿಂದು ಇವತ್ತು ಎಂಡ್ರ ಜೊತ ಜಗಳ ಆಡ್ಕಬುಟ್ಟು ಬಂದದೆ, ಅದ್ಕೇ ಒಂದೇ ತೆನೆಯ ಕುಕ್ತಾ ಕುಂತದೆ." ನಾನು ತಪ್ಪದೆ ಕೇಳುತ್ತಿದ್ದೆ: "ಆಮ್ಯಾಕೆ?" ಆಮೇಲಿನದು ಅವಳ ಬಳಿ ಯಾವಾಗಲೂ ಇರುತ್ತಿತ್ತು. ನನಗೆ ಕಥೆ ಕಟ್ಟಲು ಬರುತ್ತಿರಲಿಲ್ಲ, ಅಕ್ಷರ ಮಾತ್ರ ಮುತ್ತಿನಂತೆ ಬರುತ್ತಿತ್ತು. ಕನ್ನಡ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅವಳು ಹೇಳಿದ್ದನ್ನೆಲ್ಲ ಬರೆದಿಡುತ್ತಿದ್ದೆ. ಅವಳು ಕೂಗುವವಳು, ನಾನು ಗೀಚುವವಳು. ನಮ್ಮ ಹೊಲದಲ್ಲಿ ಮಿಕ್ಕವರ ಹೊಲಕ್ಕಿಂತ ಹೆಚ್ಚು ಗಿಣಿ ಬೀಳುತ್ತಿದ್ದುದಕ್ಕೆ ಇದೇ ಕಾರಣವಿರಬೇಕು.

ಒಂದು ಶನಿವಾರ ಡಬ್ಬ ಬಡಿದು ಬಡಿದು ಕೈಸೋತು ಅವಳು ಕೋಲನ್ನು ಬಿಸಾಡಿದಳು. "ಇವ್ಕೆ ನಾವು ಏಳುದ್ರೆ ಕೇಳವಾ? ಇವ್ಕೂ ಒಬ್ಳು ಅವ್ವ ಇರ್ತಾಳೆ ಕಣಮ್ಮಿ. ಅವಳ್ನೇ ಕೇಳ್ಕಬೇಕು." ಎದ್ದು ಹೋದವಳು ಹಳ್ಳದ ಕಡೆಯಿಂದ ಒಂದು ಕಲ್ಲು ಹೊತ್ತು ತಂದಳು. ಮೊಣಕೈಯುದ್ದದ ಕಲ್ಲು, ತುದಿಯಲ್ಲಿ ಕೊಕ್ಕಿನಂತೆ ಬಾಗಿತ್ತು. "ನೋಡು ಇದ್ರ ಮೂತಿಯ!" ಎಂದು ನಕ್ಕಳು.

ಗಾಡಿದಾರಿಯೂ ಕಾಲುದಾರಿಯೂ ಕೂಡುವ ಕಡೆ ಒಂದು ಬೇಲದ ಮರವಿತ್ತು. ಅದರ ಬುಡದಲ್ಲಿ ಅವಳು ಕಲ್ಲು ನಿಲ್ಲಿಸಿದಳು, ಅತ್ತಿತ್ತ ಎರಡು ಸಣ್ಣ ಕಲ್ಲು ಒತ್ತಿದಳು. ನಾನು ಮನೆಗೆ ಓಡಿ ಅಪ್ಪನ ಅಣ್ಣ ದೊಡ್ಡಯ್ಯನ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ಕದ್ದು ತಂದೆ. ಬೆರಳಿನಿಂದ ಎರಡು ಕಣ್ಣು ಬರೆಯುವುದರಲ್ಲಿದ್ದೆ, ಅವಳು ತಡೆದಳು. "ಒಂದ್ ಕಣ್ಣ ಮುಚ್ಚಿರಂಗೆ ಬರಿ. ಅವಳ್ಗೆ ನೂರೊಂದು ಮಕ್ಕ. ಮನ್ಗುದ್ರೂ ಒಂದ್ ಕಣ್ಣ ತಕ್ಕಂಡೇ ಮನಗ್ಬೇಕು." ಹಾಗೇ ಬರೆದೆ. ಅವಳು ಪಕ್ಕದ ತಂಗಡಿ ಗಿಡದಿಂದ ಹಳದಿ ಹೂವಿದ್ದ ಒಂದು ಕುಡಿ ಮುರಿದು ಕಲ್ಲಿನ ನೆತ್ತಿಗೆ ಇಟ್ಟು, ಕೈ ಜೋಡಿಸಿ, "ಗಿಣಿಯವ್ವ, ನಿನ್ ಮಕ್ಕಳ ಕರ್ಕ" ಎಂದಳು. ಅಷ್ಟೇ. ನಮ್ಮ ಆಟ ಅಲ್ಲಿಗೆ ಮುಗಿದಿತ್ತು.

ಮುಗಿಯಲಿಲ್ಲ. ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಕಾಡಿನಂಚಿನ ದಾರಿ ತುಳಿಯುವ ಮುನ್ನ ಬದಿಯ ಗಿಡದಿಂದ ಒಂದು ಕುಡಿ ಸೊಪ್ಪು ಮುರಿದು, ದಾರಿಯ ಪಕ್ಕದ ಕಲ್ಲಿನ ಮೇಲಿಟ್ಟು, "ದೊಡ್ಡವ್ರು ದಾರಿ ಬುಡ್ಲಿ" ಎಂದು ಹೇಳಿ ಮುಂದೆ ಹೋಗುತ್ತಾರೆ. ದೊಡ್ಡವರೆಂದರೆ ಆನೆ. ಹಾದಿಯಲ್ಲಿ ಅದರ ಹೆಸರು ಎತ್ತುವಂತಿಲ್ಲ. ಆ ಕಲ್ಲು ಯಾವ ದೇವರದು, ಯಾರು ನಿಲ್ಲಿಸಿದ್ದು ಎಂದು ಯಾರೂ ಕೇಳುವುದಿಲ್ಲ. ಕಲ್ಲಿನ ಮೇಲೆ ಒಂದು ಕುಡಿ ಸೊಪ್ಪು ಕಂಡರೆ ಸಾಕು, ಕೈ ತಾನಾಗಿ ಇನ್ನೊಂದು ಕುಡಿಗೆ ಹೋಗುತ್ತದೆ.

ಭಾನುವಾರ ನೋಡುತ್ತೇವೆ, ಗಿಣಿಯವ್ವನ ನೆತ್ತಿಯ ಮೇಲೆ ಏಳು ಕುಡಿ! ನಾವು ಲಂಟಾನದ ಪೊದೆಯ ಹಿಂದೆ ಅಡಗಿ ಕೂತೆವು. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಹೊರೆಯನ್ನೂ ಇಳಿಸದೆ, ಮಂಡಿ ಬಗ್ಗಿಸಿ, ಸೊಪ್ಪಿಟ್ಟು ಹೋದಳು. ಕುರಿ ಕಾಯುವವನು ಇಟ್ಟ. ದೊಡ್ಡಗಾಜನೂರಿನಿಂದ ನೆಂಟರ ಮನೆಗೆ ಬಂದವರು ಚಪ್ಪಲಿ ಬಿಟ್ಟು ಇಟ್ಟರು. ಮುಸುಕಿನ ಜೋಳ ತುಂಬಲು ಸತ್ಯಮಂಗಲದಿಂದ ಬಂದ ಲಾರಿಯ ಡ್ರೈವರು ಇಳಿದು, "ಎನ್ನ ಸಾಮಿ ಇದು?" ಎಂದು, ಯಾವ ದೇವರಿದು ಅಂತ ತಮಿಳಿನಲ್ಲಿ ನಮ್ಮಾಳನ್ನು ಕೇಳಿ, ಅವನಿಗೂ ಗೊತ್ತಿಲ್ಲವೆಂದು ತಿಳಿದು, ಯಾವುದಕ್ಕೂ ಇರಲಿ ಎಂದು ಒಂದು ನಿಂಬೆಹಣ್ಣು ಇಟ್ಟು ಹೋದ. ನಮಗೆ ನಗು ತಡೆಯಲಾಗದೆ ಒಬ್ಬರ ಬಾಯಿ ಇನ್ನೊಬ್ಬರು ಮುಚ್ಚಿಕೊಂಡೆವು. ಅವಳ ಅಂಗೈಯಿಂದ ಸುಟ್ಟ ರಾಗಿಯ ವಾಸನೆ ಬರುತ್ತಿತ್ತು. ಅಷ್ಟು ಸಂತೋಷದಲ್ಲಿ ನಾನು ಮತ್ತೆಂದೂ ನಕ್ಕಿಲ್ಲ.

ಆ ತಿಂಗಳಿಡೀ ಅವಳು ಗಿಣಿಯವ್ವನ ಕಟ್ಟಳೆಗಳನ್ನು ಹೇಳಿದಳು, ನಾನು ಬರೆದೆ. ಹಸಿರು ಸೀರೆ ಬಿಟ್ಟು ಬೇರೆ ಉಡುವುದಿಲ್ಲ. ಎಡಗೈಲಿ ಸೊಪ್ಪು ಮುರಿದರೆ ಸೀನುತ್ತಾಳೆ. ಯಾರು ಏನು ಕೇಳಿದರೂ ಕೊಡುವುದಿಲ್ಲ, ಕೇಳಿದ್ದನ್ನು ಮರೆಯುವುದಿಲ್ಲ ಅಷ್ಟೇ. ಈ ಕೊನೆಯದನ್ನು ಬರೆಯುವಾಗ ನಾನು ಪೆನ್ಸಿಲ್ ಎತ್ತಿ ಅವಳ ಮುಖ ನೋಡಿದ್ದೆ. ಹತ್ತು ವರ್ಷದ ಹುಡುಗಿ ಹೇಳುವ ಮಾತೇ ಅದು? ಇವತ್ತಿಗೂ ನನ್ನ ಲೇಖನಿಯಿಂದ ಅಂಥದೊಂದು ವಾಕ್ಯ ಬಂದಿಲ್ಲ.

ಕಾರ್ತಿಕ ಹತ್ತಿರವಾದಾಗ ದೊಡ್ಡವರು ಒಂದು ರಾತ್ರಿ ಊರ ಹೊಲಗಳಿಗೆ ಇಳಿದಿದ್ದರು. ಬೆಳಿಗ್ಗೆ ನೋಡಿದರೆ ಸುತ್ತಲಿನ ನಾಲ್ಕು ಹೊಲಗಳನ್ನು ತುಳಿದು ಚಾಪೆ ಮಾಡಿದ್ದರು, ನಮ್ಮ ರಾಗಿ ಮಾತ್ರ ನಿಂತಂತೆ ನಿಂತಿತ್ತು. ಹೆಜ್ಜೆ ಗುರುತು ಬೇಲದ ಮರದವರೆಗೆ ಬಂದು ಅಲ್ಲಿಂದ ಹಳ್ಳದ ಕಡೆಗೆ ತಿರುಗಿತ್ತು. ನಮ್ಮ ದೊಡ್ಡಯ್ಯ, ಊರಿನಲ್ಲಿ ಮಾತು ನಡೆಯುವ ಮನುಷ್ಯ, ಆ ಕಲ್ಲಿನ ಮುಂದೆ ಹೆಗಲ ಮೇಲಿನ ಟವೆಲ್ಲು ತೆಗೆದು ಸೊಂಟಕ್ಕೆ ಕಟ್ಟಿ, ಉದ್ದಕ್ಕೆ ಬಿದ್ದರು. ಎದ್ದಾಗ ಅವರ ಕಣ್ಣು ಒದ್ದೆಯಾಗಿತ್ತು. ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

ಚಿಕ್ಕತಾಯಿ ನನ್ನ ಕಿವಿಯಲ್ಲಿ, "ಅವು ಬೇಲದಣ್ಣ ತಿಂದು ಒಟ್ಟೆ ತುಂಬುಸ್ಕಂಡು ಓಗವೆ ಕಣಮ್ಮಿ, ನೋಡು ಸಿಪ್ಪೆಯ" ಎಂದಳು. ನಿಜ, ಮರದ ಕೆಳಗೆಲ್ಲ ಬೇಲದ ಓಡು ಚೂರಾಗಿ ಬಿದ್ದು ಹುಳಿ ವಾಸನೆ ಎದ್ದಿತ್ತು. ಆದರೆ ಅದು ಬೇಕಾಗಿದ್ದವರು ಯಾರೂ ಅಲ್ಲಿರಲಿಲ್ಲ.

ಮುಂದಿನ ಸೋಮವಾರ ಪ್ರತಿಷ್ಠೆ ಎಂದು ದೊಡ್ಡಯ್ಯ ಗೊತ್ತುಮಾಡಿದರು. ಬೇಲದ ಮರದ ಬುಡದಲ್ಲಿ ಇಟ್ಟಿಗೆ ಕಟ್ಟೆ ಎದ್ದಿತು. ಗಿಣಿಯವ್ವ ಎಂಬ ಹೆಸರು ಊರಲ್ಲಿ ಹೇಗೆ ಹಬ್ಬಿತ್ತೋ, ಬಹುಶಃ ನನ್ನ ಬಾಯಿಂದಲೇ. ಆದರೆ ದೊಡ್ಡಯ್ಯನಿಗೆ ಅದು ಸರಿಬರಲಿಲ್ಲ. "ಗಿಣಿಯವ್ವ ಅಂದ್ರೆ ನಾಕ್ ಜನ ನಗಾಡ್ತರೆ. ಗಿರಿಜಮ್ಮ ಅನ್ನಿ. ಎಂಗಿದ್ರೂ ಶಿವನ ಮನೆಯವ್ಳೇ." ಒಂದೇ ದಿನದಲ್ಲಿ ನಮ್ಮ ದೇವರಿಗೆ ಮದುವೆಯೂ ಆಗಿಹೋಯಿತು.

ಕಲ್ಲು ನಾವೇ ಇಟ್ಟದ್ದೆಂದು ಹೇಳುವುದೋ ಬೇಡವೋ ಎಂದು ಭಾನುವಾರ ಬದುವಿನ ಮೇಲೆ ಕೂತು ನಾವಿಬ್ಬರೂ ಗಂಭೀರವಾಗಿ ಯೋಚನೆ ಮಾಡಿದೆವು.

"ಏಳ್ಬುಡವಾ?" ಎಂದಳು ಚಿಕ್ಕತಾಯಿ.

"ಬೈತರೆ ಕಣೇ. ಸುಣ್ಣದ ಡಬ್ಬಿ ಬ್ಯಾರೆ ಕದ್ದಿವ್ನಿ."

"ಬೈದ್ರೆ ಇಬ್ರುಗೂ ಬೈತರೆ. ಒಟ್ಗೆ ಏಳವ." ಅವಳು ಕೋಲಿನಿಂದ ಮಣ್ಣು ಕೆದಕಿದಳು. "ಏಳ್ದೆ ಇದ್ರೂ ಓಗ್ಲಿ ಬುಡು. ಸೊಪ್ಪ ಮಾತ್ರ ನಾನೇ ಇಡ್ಬೇಕು. ದಿನಾ ನಾನೇ ತಾನೇ ಮೊದ್ಲು ಇಡದು? ನಾಳೆನೂ ಮೊದ್ಲು ನಂದೇ. ನೀ ಏಳ್ಬೇಕು ನಿಮ್ ದೊಡ್ಡಯ್ಯಂಗೆ."

"ಏಳ್ತೀನಿ."

"ಗಿಣಿಯವ್ವನಾಣೆ?"

"ಗಿಣಿಯವ್ವನಾಣೆ."

ಸೋಮವಾರ ಬೆಳಿಗ್ಗೆ ಊರೆಲ್ಲ ಬೇಲದ ಮರದ ಕೆಳಗಿತ್ತು. ಹೆಂಗಸರು ತಂಬಿಟ್ಟು ಕಟ್ಟಿ ತಂದಿದ್ದರು, ಬೆಲ್ಲ, ತುಪ್ಪ, ಹುರಿದ ಕಡಲೆ ಹಿಟ್ಟಿನ ವಾಸನೆ ಧೂಪದ ಜೊತೆ ಸೇರಿ ಹಸಿವು ಭಕ್ತಿ ಎರಡೂ ಒಟ್ಟಿಗೆ ಆಗುತ್ತಿತ್ತು. ಕಲ್ಲಿಗೆ ಎಣ್ಣೆ ಸವರಿ, ವಿಭೂತಿ ಬಳಿದು, ನನ್ನ ಸುಣ್ಣದ ಕಣ್ಣುಗಳನ್ನು ಒರೆಸಿ, ಎರಡು ಬೆಳ್ಳಿ ಕಣ್ಣು ಅಂಟಿಸಿದ್ದರು. ಎರಡೂ ತೆರೆದ ಕಣ್ಣು. ಕೆಳಗಿನ ಬೀದಿಯವರು ದಾರಿಯಾಚೆ, ತಂಗಡಿ ಗಿಡಗಳ ಸಾಲಿನಲ್ಲಿ ನಿಂತಿದ್ದರು. ಅಲ್ಲಿ ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ರಾಚಮ್ಮನ ಪಕ್ಕದಲ್ಲಿ ಚಿಕ್ಕತಾಯಿ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಶಾಲೆಯ ಯೂನಿಫಾರಮ್ಮನ್ನೇ ಒಗೆದು ಹಾಕಿಕೊಂಡು ಬಂದಿದ್ದಳು. ಕೈಯಲ್ಲಿ ಹೂವಿದ್ದ ತಂಗಡಿ ಕುಡಿ.

ಮಂಗಳಾರತಿಗೆ ಮುಂಚೆ ಅವಳು ದಾರಿ ದಾಟಿ ಬಂದಳು. ದಿನಾ ಬರುವ ಹಾಗೇ, ಬಿರಬಿರನೆ. ಕಟ್ಟೆಗೆ ನಾಲ್ಕು ಹೆಜ್ಜೆಯಿದೆ ಎನ್ನುವಾಗ ದೊಡ್ಡಯ್ಯ ತಿರುಗಿ ನೋಡಿದರು.

"ಏ ಉಡ್ಗಿ, ಅಲ್ಲೇ ನಿಂತ್ಕ. ಅಲ್ಲಿಂದ್ಲೇ ಕೈಮುಗಿ."

ಗದರಲಿಲ್ಲ ಅವರು. ಬಾಗಿಲು ಮುಂದೆ ಮಾಡು ಎಂದು ಹೇಳುವಷ್ಟೇ ಸಹಜವಾಗಿ ಹೇಳಿದರು. ಅದಕ್ಕೇ ಅದು ಅಷ್ಟು ಗಟ್ಟಿಯಾಗಿ ಕೇಳಿಸಿತು. ಚಿಕ್ಕತಾಯಿ ನಿಂತಳು. ನನ್ನನ್ನು ನೋಡಿದಳು. ನಾನು ತಂಬಿಟ್ಟಿನ ತಟ್ಟೆ ಹಿಡಿದು ಕಟ್ಟೆಯ ಮೇಲೇ ನಿಂತಿದ್ದೆ. ಗಲ್ಲ ಒಂದಿಷ್ಟು ಮೇಲೆತ್ತಿದಳು. ಹೇಳು ಎಂದು.

ಅಷ್ಟರಲ್ಲಿ ಪೂಜೆಯ ಅಯ್ನೋರು ಕೇಳಿದರು: "ತಾಯಿ ಮೊದ್ಲು ಯಾರ್ ಕಣ್ಗೆ ಬಿದ್ದದ್ದು?" ದೊಡ್ಡಯ್ಯ ನನ್ನ ತಲೆಯ ಮೇಲೆ ಕೈಯಿಟ್ಟು, "ನಮ್ ಮಗ, ನಮ್ ಗೌರಿ" ಎಂದರು. ಜನ ನನ್ನ ಕಡೆಗೆ ತಿರುಗಿದರು. "ಏಳವ್ವ, ಎಂಗೆ ಕಂಡ್ಳು?" ಎಂದು ಯಾರೋ ಅಂದರು.

ಆಗ ನಾನು ಹೇಳಬಹುದಿತ್ತು. ಹೇಳಲಿಲ್ಲ ಎಂಬುದು ಒಂದು ತಪ್ಪು. ಆದರೆ ನಾನು ಸುಮ್ಮನೂ ಇರಲಿಲ್ಲ. "ಅಸ್ರು ಸೀರೆ ಉಟ್ಟಿದ್ರು," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ನೂರೊಂದು ಮಕ್ಕಳಂತೆ ಅವ್ರುಗೆ. ಮನ್ಗುದ್ರೂ ಒಂದು ಕಣ್ಣ ತಕ್ಕಂಡೇ ಇರ್ತರಂತೆ. ಒಂದು ಕುಡಿ ಸೊಪ್ಪ ಇಟ್ರೆ ಸಾಕು ಅಂದ್ರು." "ಶಿವಶಿವಾ" ಎಂದು ಹೆಂಗಸರು ಕೆನ್ನೆ ಬಡಿದುಕೊಂಡರು. ಒಬ್ಬ ಮುದುಕಿ ಅತ್ತೇಬಿಟ್ಟಳು. ನಾನು ಹೇಳುತ್ತ ಹೋದೆ. ಅಷ್ಟು ಜನ ಉಸಿರು ಹಿಡಿದು ನನ್ನ ಬಾಯಿ ನೋಡುತ್ತಿದ್ದರು. ಯಾರಾದರೂ "ಆಮ್ಯಾಕೆ?" ಎನ್ನಲಿ ಎಂದು ನನಗೆ ಆಸೆಯಾಯಿತು. ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ, ನನಗೆ ಅದು ತುಂಬಾ ಇಷ್ಟವಾಯಿತು. ಕಥೆಗಾರ್ತಿಯಾಗಿ ನನ್ನ ಮೊದಲ ದಿನ ಅದು. ಹೇಳಿದ ಒಂದೊಂದು ಮಾತೂ ಚಿಕ್ಕತಾಯಿಯದು.

ಮುಗಿಸಿ ನೋಡಿದಾಗ ಅವಳು ಅಲ್ಲಿರಲಿಲ್ಲ. ರಾಚಮ್ಮ ಮಾತ್ರ ಅದೇ ಜಾಗದಲ್ಲಿ ಕೈಮುಗಿದು ನಿಂತಿದ್ದರು. ನಾಲ್ಕು ಹೆಜ್ಜೆ ದೂರದ ಮಣ್ಣಿನಲ್ಲಿ ತಂಗಡಿ ಕುಡಿ ಬಿದ್ದಿತ್ತು. ಆಮೇಲೆ ಬಂದವರ ಕಾಲಿಗೆ ಸಿಕ್ಕಿ ಅದು ಮಣ್ಣಾಯಿತು.

ಮಾರನೆಯ ದಿನ ಮುತ್ತುಗದೆಲೆಯಲ್ಲಿ ನಾಲ್ಕು ತಂಬಿಟ್ಟು ಕಟ್ಟಿಕೊಂಡು ಹೊಲಕ್ಕೆ ಹೋದೆ. ಅವಳು ಆಚೆ ಬದುವಿನ ಮೇಲೆ ಕೂತು ಡಬ್ಬ ಬಡಿಯುತ್ತಿದ್ದಳು. ನಾನು ಹತ್ತಿರ ಹೋಗಿ ನಿಂತರೂ ಬಡಿಯುವುದನ್ನು ನಿಲ್ಲಿಸಲಿಲ್ಲ.

"ತಂಬಿಟ್ಟು ತಂದಿವ್ನಿ," ಎಂದೆ.

"ಕೊಡು, ಒಟ್ಟೆ ಅಸ್ದದೆ." ಎರಡು ತಿಂದಳು, ಎರಡನ್ನು ಎಲೆಯಲ್ಲೇ ಸುತ್ತಿ ಅವ್ವನಿಗೆಂದು ಸೆರಗಿಲ್ಲದ ಯೂನಿಫಾರಮ್ಮಿನ ಮಡಿಲಲ್ಲಿ ಇಟ್ಟುಕೊಂಡಳು. ಬೆರಳು ನೆಕ್ಕಿ ಹೇಳಿದಳು: "ದೇವ್ರ ನೀನೇ ಮಡಿಕ. ನಾ ಇನ್ನೊಂದ್ ಮಾಡ್ಕತೀನಿ. ಬ್ಯಾರೆ ಕಲ್ಲಿಲ್ವಾ ಊರಲ್ಲಿ?"

"ಚಿಕ್ತಾಯಿ, ನಾ ಏಳ್ಬೇಕು ಅಂತಿದ್ದೆ ಕಣೇ..."

"ಏಳುದ್ಯಲ್ಲ. ಚೆಂದಾಗೇ ಏಳುದ್ದೆ."

ಮತ್ತೆ ಡಬ್ಬ ಬಡಿಯತೊಡಗಿದಳು. ಅಲ್ಲಿಂದ ರಾಗಿ ಕೊಯ್ಲಿನವರೆಗೂ ಅವಳು ನನಗೆ ಒಂದು ಗಿಣಿಯ ಕಥೆಯನ್ನೂ ಹೇಳಲಿಲ್ಲ. ಒಕ್ಕಣೆ ಮುಗಿದ ಮೇಲೆ ಅವರ ಮನೆಯವರು ಕಬ್ಬು ಕಡಿಯಲು ಘಾಟಿ ಇಳಿದು ಹೋದರು. ಶಾಲೆಯಲ್ಲಿ ಹಾಜರಿ ಕೂಗುವಾಗ ಕೆಲವು ದಿನ ಅವಳ ಹೆಸರಿಗೆ ಯಾರೂ ಓಗೊಡದ ಒಂದು ಕ್ಷಣ ಇರುತ್ತಿತ್ತು. ಆಮೇಲೆ ಮೇಷ್ಟ್ರು ಆ ಹೆಸರು ಕೂಗುವುದನ್ನೇ ಬಿಟ್ಟರು.

ನೋಟ್‌ಬುಕ್ಕು ನನ್ನ ಬಳಿ ಉಳಿಯಿತು. ಅದನ್ನು ಹಾಸ್ಟೆಲ್ಲಿಗೆ ಒಯ್ದೆ, ಮೈಸೂರಿಗೆ ತಂದೆ. ನನ್ನ ಮೊದಲ ಕಾದಂಬರಿ ಹುಟ್ಟಿದ್ದು ಅದರ ಹಿಂದಿನ ಹಾಳೆಗಳಲ್ಲಿ. ಅದರಲ್ಲಿ ಒಂದು ಹುಡುಗಿ ಕವಲು ದಾರಿಯಲ್ಲಿ ಕಲ್ಲು ನಿಲ್ಲಿಸುತ್ತಾಳೆ, ಕಲ್ಲು ಒಂದು ಕಣ್ಣು ತೆರೆಯುತ್ತದೆ. ಬರೆಯುವಾಗ ಮೊದಲು ಇಬ್ಬರು ಹುಡುಗಿಯರಿದ್ದರು. ಹಸ್ತಪ್ರತಿ ಓದಿದವರು, ಇಬ್ಬರಿದ್ದರೆ ಕಥೆ ಚದುರುತ್ತದೆ, ಒಬ್ಬಳೇ ಇರಲಿ ಎಂದರು. ಒಂದು ಸಂಜೆ ಕೂತು ಒಬ್ಬಳನ್ನು ತೆಗೆದುಹಾಕಿದೆ. ಒಂದು ಸಂಜೆ ಸಾಕಾಯಿತು. ಯಾರನ್ನು ತೆಗೆದೆ ಎಂದು ಹೇಳಬೇಕಾಗಿಲ್ಲ. ಪುಸ್ತಕ ಗೆದ್ದಿತು, ಮಕ್ಕಳು ಪತ್ರ ಬರೆದರು, ಆಮೇಲೆ ಇನ್ನೂ ಆರು ಪುಸ್ತಕ ಬಂದವು.

ಹೋದ ವರ್ಷ ತಾಳವಾಡಿ ಕಡೆಯ ಒಂದು ಶಾಲೆಯವರು ಕರೆದರು. ಬಸ್ಸಿಳಿದು ನಮ್ಮ ಹೊಲದ ದಾರಿಯಲ್ಲೇ ನಡೆದು ಹೋದೆ. ದೊಡ್ಡಯ್ಯ ಹೋಗಿ ಬಹಳ ಕಾಲವಾಗಿದೆ. ರಾಗಿಯ ಜಾಗದಲ್ಲಿ ಎಲೆಕೋಸು, ಸುತ್ತ ಸೋಲಾರ್ ಬೇಲಿ. ಬೇಲದ ಮರ ಕಡಿದು, ಕಟ್ಟೆಯ ಜಾಗದಲ್ಲಿ ಎದ್ದ ಗಿರಿಜಮ್ಮನ ಗುಡಿಗೆ ನೆರಳಿನ ತಗಡು ಹಾಕಿದ್ದಾರೆ. ಟೈಲ್ಸು, ಕಬ್ಬಿಣದ ಗ್ರಿಲ್ಲು, ಕನ್ನಡ ತಮಿಳು ಎರಡರಲ್ಲೂ ಬೋರ್ಡು. ಗ್ರಿಲ್ಲಿಗೆ ಬೀಗ. ಸೊಪ್ಪಿನ ಕುಡಿ ಎಲ್ಲೂ ಕಾಣಲಿಲ್ಲ, ಕಸವಾಗುತ್ತದೆ ಎಂದು ಇಡಬಾರದಂತೆ. ಇಡೀ ಬಯಲಿನಲ್ಲಿ ಒಂದು ಮಗುವಿನ ಕೂಗೂ ಇರಲಿಲ್ಲ.

ಶಾಲೆಯಲ್ಲಿ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ನನ್ನ ಕಾದಂಬರಿಯ ಮೊದಲ ಪುಟ ಓದಿದಳು. ಅಲ್ಲಲ್ಲಿ ನಿಂತು, ಹುಬ್ಬು ಹಾರಿಸಿ, ಕೇಳುವವರ ಮುಖ ನೋಡುತ್ತ ಓದುವ ಆ ಬಗೆ ನಮ್ಮ ಬದುವಿನ ಮೇಲಿನ ದನಿಯನ್ನು ನೆನಪಿಗೆ ತಂದಿತು. ಕಾರ್ಯಕ್ರಮ ಮುಗಿದ ಮೇಲೆ ಅವಳೇ ಬಂದು, "ನಮ್ಮವ್ವ ನಿಮ್ಮ ನೋಡ್ಬೇಕಂತೆ ಮಿಸ್, ಅಡ್ಗೆ ಮನೆತವು ಅವ್ರೆ" ಎಂದಳು.

ಮಧ್ಯಾಹ್ನದ ಊಟದ ದೊಡ್ಡ ಪಾತ್ರೆ ತೊಳೆಯುತ್ತಿದ್ದ ಹೆಂಗಸು ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. ಕೆನ್ನೆಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಗಲ್ಲ ಮೇಲೆತ್ತಿದ್ದೇ ಗುರುತು ಸಿಕ್ಕಿತು.

"ಚೆನ್ನಾಗಿದ್ದೀರಾ ಮೇಡಮ್?"

ಆ 'ದ್ದೀರಾ' ನನ್ನ ಎದೆಗೆ ಚುಚ್ಚಿತು. "ಚಿಕ್ತಾಯಿ, ನಾನು ಕಣೇ," ಎಂದೆ.

"ಗೊತ್ತು. ಬುಕ್ಕಿನ ಇಂದೆ ಪಟ ಅದೆಯಲ್ಲ." ನಕ್ಕಳು. ಒಳಗಿನಿಂದ ಒಂದು ತಟ್ಟೆ ತಂದು ಕೂರಲು ಮಣೆ ಹಾಕಿದಳು. ನಾನು ಸಾರು ಅನ್ನ ತಿಂದೆ. ಅವಳು ನೋಡುತ್ತಿದ್ದಳು. "ಮಗಳು ಓದ್ತಳೆ, ನಾ ಕೇಳ್ತೀನಿ. ಚೆಂದಾಗದೆ. ಒಂದ್ ಕೇಳ್ಲಾ? ಅದ್ರಲ್ಲಿ ಕಲ್ಲ ಇಟ್ಟೋಳು ಒಬ್ಳೇನಾ?"

ಎತ್ತಿದ ತುತ್ತನ್ನು ತಟ್ಟೆಗೇ ಬಿಟ್ಟೆ. "ತಪ್ಪಾಯ್ತು ಚಿಕ್ತಾಯಿ. ಎರಡು ಸಲ ತಪ್ಪಾಯ್ತು," ಎಂದೆ. ಆ ಮಾತು ಹೊರಬರಲು ಇಷ್ಟು ವರ್ಷ ಬೇಕಾಯಿತು. ಅವಳು ಪರವಾಗಿಲ್ಲ ಎನ್ನಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಊಟವಾದ ಮೇಲೆ "ಬಾ, ಒಂದ್ ತೋರುಸ್ತೀನಿ" ಎಂದು ನನ್ನನ್ನು ಒಂದು ಕಡೆಗೆ ಕರೆದುಕೊಂಡು ಹೋದಳು. ಒಂದು ಗಿಡದ ಬುಡದಲ್ಲಿ ಮೊಣಕೈಯುದ್ದದ ಕಲ್ಲು, ಅತ್ತಿತ್ತ ಎರಡು ಸಣ್ಣ ಕಲ್ಲು. ಒಂದು ಕಣ್ಣು ತೆರೆದದ್ದು, ಒಂದು ಮುಚ್ಚಿದ್ದು. ನೆತ್ತಿಯ ಮೇಲೆ ಆ ದಿನದ ಸೊಪ್ಪು, ಹತ್ತಾರು ಕುಡಿ, ಇನ್ನೂ ಬಾಡದೆ. ಶಾಲೆಗೆ ಬರುವ ಮಕ್ಕಳು ಇಡುತ್ತಾರಂತೆ.

"ಏನ್ ಹೆಸರು ಇದಕ್ಕೆ?" ಎಂದೆ.

"ಎಸ್ರಿಲ್ಲ. ಎಸ್ರಿಟ್ರೆ ತಕ್ಕಂಡು ಓಯ್ತರೆ."

ನಾನು ಬದಿಯ ಗಿಡದಿಂದ ಬಲಗೈಲಿ ಒಂದು ಕುಡಿ ಮುರಿದೆ. ಮುಂದೆ ಹೆಜ್ಜೆಯಿಟ್ಟಾಗ ಹಿಂದಿನಿಂದ ಅವಳ ದನಿ ಬಂತು, ಥೇಟ್ ನಮ್ಮ ದೊಡ್ಡಯ್ಯನ ದನಿ: "ಏ ಉಡ್ಗಿ, ಅಲ್ಲೇ ನಿಂತ್ಕ. ಅಲ್ಲಿಂದ್ಲೇ ಕೈಮುಗಿ."

ನಿಂತೆ. ಅವಳು ಪಕಪಕನೆ ನಕ್ಕು, "ತಮಾಸಿಗಂದೆ ಕಣಮ್ಮಿ, ಓಗು, ಇಡು" ಎಂದಳು. ಅದು ತಮಾಷೆಯೇ. ಆದರೂ ನನಗೆ ಆ ನಾಲ್ಕು ಹೆಜ್ಜೆ ಇಡಲಾಗಲಿಲ್ಲ. ಅಷ್ಟು ದೂರ ಅವತ್ತು ಅವಳಿಗೆ ಎಷ್ಟು ದೂರವಾಗಿ ಕಂಡಿತ್ತು ಎಂದು ಮೊದಲ ಸಲ ನನ್ನ ಕಾಲಿಗೆ ಗೊತ್ತಾಯಿತು.

"ಇದನ್ನ ಬರೀಲಾ?" ಎಂದು ಕೇಳಿದೆ.

ಅವಳು ಯೋಚಿಸಿದಳು. "ಬರಿ. ನನ್ನೆಸ್ರ ಬರಿ. ಎಲ್ಲದೆ ಅಂತ ಮಾತ್ರ ಬರೀಬ್ಯಾಡ."

ಬರೆದಿದ್ದೇನೆ. ಎಲ್ಲಿದೆ ಎಂದು ಬರೆದಿಲ್ಲ. ಏಳು ಪುಸ್ತಕಗಳಲ್ಲಿ ನಾನು ಕಟ್ಟಿದ ರಾಜ್ಯಗಳಿಗೆಲ್ಲ ಬಾಗಿಲಿದೆ, ಬಾಗಿಲಲ್ಲಿ ಕಾವಲಿದೆ, ಓದುವ ಮಕ್ಕಳು ಸಾವಿರವಿದ್ದಾರೆ. ಆದರೆ ಒಂದೇ ಬದುವಿನ ಮೇಲೆ ಕೂತು, ಸುಟ್ಟ ರಾಗಿಯ ಕೈಯಿಂದ ನನ್ನ ಬಾಯಿ ಮುಚ್ಚಿ ನಗಿಸಿದವಳ ಜೊತೆ ಒಂದು ಇಡೀ ಲೋಕ ಮಾಡುವ ಸುಖ ನನಗೆ ಹತ್ತನೇ ವಯಸ್ಸಿಗೇ ಮುಗಿದುಹೋಯಿತು. ಅದನ್ನು ಯಾರೂ ಕಸಿಯಲಿಲ್ಲ. ತಂಬಿಟ್ಟಿನ ತಟ್ಟೆ ಹಿಡಿದು ನಿಂತ ನಾನೇ ಕೊಟ್ಟುಬಿಟ್ಟೆ.

ಮುರಿದಿದ್ದ ಆ ಕುಡಿಯನ್ನು ಅವಳ ಕೈಗೇ ಕೊಟ್ಟೆ. ಅವಳೇ ಇಟ್ಟಳು. ನಾನು ಅಲ್ಲಿಂದಲೇ ಕೈಮುಗಿದೆ.